ಅಂಗಡಿಗೆ ಗುಂಪಾಗಿ ಬರುವ ಕಳ್ಳರು: ವ್ಯಾಪಾರಿಗಳ ಪ್ರಶ್ನೆ, ಕಾನೂನಿನ ಉತ್ತರ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ವ್ಯಾಪಾರಿಗಳ ಪತ್ರಗಳೇ ಹೆಚ್ಚು. ಹಬ್ಬ ಮತ್ತು ಮದುವೆಗಳ ಹಂಗಾಮಿನಲ್ಲಿ ಗಿರಾಕಿಗಳ ಸಂದಣಿಯ ನಡುವೆ ಗುಂಪುಗುಂಪಾಗಿ ಬಂದು ಸರಕು ಕದ್ದೊಯ್ಯುವವರ ಬಗ್ಗೆ ಎಲ್ಲರ ದೂರೂ ಒಂದೇ ಆಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಬಹುತೇಕರು ಕೋರಿದ್ದಾರೆ. ಆದ್ದರಿಂದ ಊರು ಮತ್ತು ವ್ಯಾಪಾರವನ್ನಷ್ಟೇ ನಮೂದಿಸಿದ್ದೇನೆ.

ಪ್ರಶ್ನೆ: ಒಂದು ಸಂಜೆ ಆರು ಮಂದಿ ಹೆಂಗಸರು ನಮ್ಮ ಅಂಗಡಿಗೆ ಒಟ್ಟಿಗೆ ಬಂದರು. ಒಬ್ಬರು ಧಾರೆ ಸೀರೆ ತೋರಿಸಿ ಎಂದರು, ಇನ್ನಿಬ್ಬರು ಬಣ್ಣ ಹಿಡಿಸಲಿಲ್ಲವೆಂದು ಬೇರೆ ಬೇರೆ ಕಪಾಟುಗಳಿಂದ ಸೀರೆ ತೆಗೆಸಿದರು, ಕೊನೆಗೆ ಏನನ್ನೂ ಕೊಳ್ಳದೆ ಹೋದರು. ರಾತ್ರಿ ಲೆಕ್ಕ ಹಾಕಿದಾಗ ಏಳು ರೇಷ್ಮೆ ಸೀರೆ ಕಡಿಮೆ ಇದ್ದವು. ಕ್ಯಾಮೆರಾದಲ್ಲಿ ಅವರೇ ಒಯ್ದದ್ದು ಕಾಣಿಸಿತು. ಮುಂದಿನ ವಾರ ಅವರಲ್ಲಿ ಇಬ್ಬರು ಪಕ್ಕದ ರಸ್ತೆಯಲ್ಲಿ ಕಂಡಾಗ ನಮ್ಮ ಹುಡುಗರು ಎಳೆದು ತರುತ್ತೇವೆಂದು ಹೊರಟರು. ನಾನು ತಡೆದೆ. ಕೈಗೆ ಸಿಕ್ಕ ಕಳ್ಳರನ್ನು ಬಿಟ್ಟೆನೆಂದು ಈಗ ಮನೆಯವರೂ ನೆರೆ ಅಂಗಡಿಯವರೂ ಬೈಯುತ್ತಿದ್ದಾರೆ. ನಾನು ಏನು ಮಾಡಬೇಕಿತ್ತು? (ಸೀರೆ ವ್ಯಾಪಾರಿ, ದಾವಣಗೆರೆ)

ಉತ್ತರ: ಹುಡುಗರನ್ನು ತಡೆದದ್ದು ಸರಿ. ಆದರೆ ತಡೆದ ಕೂಡಲೇ 112ಕ್ಕೆ ಕರೆ ಮಾಡಿ, ಆ ಇಬ್ಬರು ಎಲ್ಲಿದ್ದಾರೆ, ಯಾವ ಕಡೆಗೆ ಹೋಗುತ್ತಿದ್ದಾರೆ ಎಂದು ದೂರದಿಂದಲೇ ನೋಡಿ ತಿಳಿಸಬೇಕಿತ್ತು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಡೆದದ್ದು ನಿಮ್ಮ ನೆರೆಯವರಿಗೆ ನೆನಪಿರಬಹುದು. ಸೀರೆ ಕದ್ದ ಆರೋಪ ಹೊತ್ತ ಮಹಿಳೆಯೊಬ್ಬರನ್ನು ಅಂಗಡಿಯವರು ನಡುಬೀದಿಯಲ್ಲಿ ಹೊಡೆದು ಒದ್ದ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಕಳವಿನ ಪ್ರಕರಣದಲ್ಲಿ ಆ ಮಹಿಳೆಯ ಬಂಧನವಾಯಿತಾದರೂ, ಹಲ್ಲೆಯ ಪ್ರಕರಣದಲ್ಲಿ ಅಂಗಡಿಯ ಮಾಲೀಕರೂ ಕೆಲಸಗಾರರೂ ಬಂಧಿತರಾದರು. ದೂರು ಕೊಡಲು ಠಾಣೆಗೆ ಹೋಗಬೇಕಾದವರು ಆರೋಪಿಗಳಾಗಿ ಹೋದರು. ಅಷ್ಟೊತ್ತಿಗೆ ಊರಿನಲ್ಲಿ ಸೀರೆಯ ಮಾತು ಎತ್ತುವವರೇ ಇರಲಿಲ್ಲ.

ಸಾಮಾನ್ಯ ನಾಗರಿಕನಿಗೂ ಕಳ್ಳನನ್ನು ಹಿಡಿಯುವ ಅಧಿಕಾರವಿದೆ ಎಂಬುದು ನಿಜ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅದನ್ನು ಕೊಡುತ್ತದೆ, ಆದರೆ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ: ಅಪರಾಧವು ನಿಮ್ಮ ಕಣ್ಣೆದುರೇ ನಡೆದಿರಬೇಕು, ಅದು ಸಂಜ್ಞೇಯವೂ (ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದದ್ದೂ) ಜಾಮೀನುರಹಿತವೂ ಆದ ಅಪರಾಧವಾಗಿರಬೇಕು, ಮತ್ತು ಹಿಡಿದವರನ್ನು ಅನಗತ್ಯ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ, ಪೊಲೀಸರ ವಶಕ್ಕೆ ಒಪ್ಪಿಸಬೇಕು. ವಾರದ ನಂತರ ಕ್ಯಾಮೆರಾದ ಚಿತ್ರ ನೋಡಿ ಗುರುತು ಹಿಡಿದು ರಸ್ತೆಯಲ್ಲಿ ಎಳೆಯುವುದು ಇದರೊಳಗೆ ಬರುವುದೇ ಇಲ್ಲ. ಅದು ಅಕ್ರಮವಾಗಿ ತಡೆದಿಟ್ಟ ಅಪರಾಧವಾಗುತ್ತದೆ, ಕೈ ಮಾಡಿದರೆ ಹಲ್ಲೆಯೂ ಆಗುತ್ತದೆ, ಮಹಿಳೆಯ ಸೆರಗೋ ತೋಳೋ ಹಿಡಿದೆಳೆದರೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನ ಆರೋಪವೂ ಸೇರಿಕೊಳ್ಳಬಹುದು.

ಅದೇ ಸಂಜೆ, ಅವರು ಸೀರೆಯನ್ನು ಬಚ್ಚಿಡುವುದನ್ನು ನಿಮ್ಮವರು ಕಣ್ಣಾರೆ ಕಂಡಿದ್ದರೆ ಮಾತು ಬೇರೆ. ಕಳವಿನ ವಿರುದ್ಧ ಸ್ವತ್ತನ್ನು ಕಾಪಾಡಿಕೊಳ್ಳುವ ಹಕ್ಕು ನ್ಯಾಯ ಸಂಹಿತೆಯ 35ನೇ ಕಲಮಿನಲ್ಲಿದೆ. ಕಳ್ಳನು ಮಾಲಿನೊಂದಿಗೆ ತಪ್ಪಿಸಿಕೊಂಡು ಹೋಗುವವರೆಗೆ, ಅಥವಾ ಪೊಲೀಸರ ನೆರವು ದೊರೆಯುವವರೆಗೆ, ಅಥವಾ ಮಾಲು ಮರಳಿ ಸಿಗುವವರೆಗೆ ಆ ಹಕ್ಕು ಮುಂದುವರಿಯುತ್ತದೆ ಎಂದು 43ನೇ ಕಲಂ ಹೇಳುತ್ತದೆ. ಆದರೆ ರಕ್ಷಣೆಗೆ ಎಷ್ಟು ಬಲ ಬೇಕೋ ಅಷ್ಟನ್ನು ಮೀರುವಂತಿಲ್ಲ. ಮಾಲು ಕೈಗೆ ಬಂದ ಮೇಲೆ ಕೊಡುವ ಒಂದೇ ಒಂದು ಏಟು ಕೂಡ ರಕ್ಷಣೆ ಎನಿಸಿಕೊಳ್ಳದು.

ಅಂಥ ಹೊತ್ತಿನಲ್ಲಿ ನಾನು ಮೊದಲು ಸೂಚಿಸುವುದು ಮಾತನ್ನು. ಬಾಗಿಲು ದಾಟುವ ಮೊದಲೇ, ಸಾಧ್ಯವಾದರೆ ಮಹಿಳಾ ಸಿಬ್ಬಂದಿಯೇ ಎದುರು ಹೋಗಿ, ‘ಅಮ್ಮಾ, ಆ ಸೀರೆಗೆ ಬಿಲ್ಲು ಮಾಡಿಸೋಣವೇ?’ ಎಂದು ಕೇಳಿದರೆ ಬಹಳಷ್ಟು ಸಲ ಸೀರೆ ಮಡಿಲಿನಿಂದ ಕೌಂಟರಿಗೆ ಬಂದುಬಿಡುತ್ತದೆ. ಕೇಳಿದ್ದು ತಪ್ಪಾಗಿದ್ದರೂ ಗಿರಾಕಿಗೆ ಅವಮಾನವಾಗುವುದಿಲ್ಲ. ಒಪ್ಪದೆ ಗಲಾಟೆ ಮಾಡಿದರೆ 112ಕ್ಕೆ ಕರೆ ಮಾಡಿ, ಅವರನ್ನು ಕ್ಯಾಮೆರಾ ಕಾಣುವ ತೆರೆದ ಜಾಗದಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು, ಕರೆ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಬೇಡಿ, ಮೈ ತಪಾಸಣೆ ಮಾಡಬೇಡಿ. ಮಹಿಳೆಯ ಮೈ ತಪಾಸಣೆಯನ್ನು ಪೊಲೀಸರಲ್ಲೂ ಮಹಿಳೆಯೇ, ಸಭ್ಯತೆಗೆ ಕುಂದು ಬಾರದಂತೆ ಮಾಡಬೇಕೆಂಬ ನಿಯಮವಿರುವಾಗ ಅಂಗಡಿಯವರಿಗೆ ಆ ಅಧಿಕಾರ ಎಲ್ಲಿಂದ ಬರಬೇಕು? ಓಡಿಹೋದರೆ ವಾಹನದ ಸಂಖ್ಯೆ, ಹೋದ ದಿಕ್ಕು, ಉಟ್ಟ ಬಟ್ಟೆಯ ಬಣ್ಣ ಇಷ್ಟನ್ನು ಗಮನಿಸಿ. ಟ್ರಾಫಿಕ್ಕಿನ ನಡುವೆ ಬೆನ್ನಟ್ಟಿ ಹೋಗಿ ನಿಮ್ಮ ಹುಡುಗನೊಬ್ಬ ಬಸ್ಸಿನಡಿ ಸಿಕ್ಕರೆ ಯಾವ ಸೀರೆಯೂ ಆ ಬೆಲೆಗೆ ಸಮವಲ್ಲ.

ಈಗಲೂ ದೂರು ಕೊಡಲು ಕಾಲ ಮೀರಿಲ್ಲ. ದೂರಿನಲ್ಲಿ ಅವರು ಗುಂಪಾಗಿ ಬಂದರು ಎಂಬುದನ್ನೂ, ಯಾರು ಯಾವ ಕೆಲಸ ಮಾಡಿದರು ಎಂಬುದನ್ನೂ ಬಿಡಿಸಿ ಬರೆಯುವುದು ಬಹಳ ಮುಖ್ಯ: ನೀಲಿ ಸೀರೆಯವರು ಮಾರಾಟಗಾರನನ್ನು ಮಾತಿನಲ್ಲಿ ಹಿಡಿದಿಟ್ಟರು, ಇಬ್ಬರು ಕ್ಯಾಮೆರಾಕ್ಕೆ ಅಡ್ಡ ನಿಂತರು, ಮತ್ತೊಬ್ಬರು ಸೀರೆಯನ್ನು ಬಟ್ಟೆಯೊಳಗೆ ಸೇರಿಸಿದರು, ಹೀಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 112ನೇ ಕಲಂ ‘ಸಣ್ಣ ಸಂಘಟಿತ ಅಪರಾಧ’ ಎಂಬ ಹೊಸ ಅಪರಾಧವನ್ನು ಹೇಳಿದ್ದು, ಗುಂಪಿನ ಅಥವಾ ತಂಡದ ಸದಸ್ಯರಾಗಿ ಮಾಡುವ ಅಂಗಡಿ ಕಳವು ಅದರ ವಿವರಣೆಯಲ್ಲಿ ಹೆಸರಿಸಿಯೇ ಸೇರಿದೆ. ಇದಕ್ಕೆ ಕನಿಷ್ಠ ಒಂದು ವರ್ಷದಿಂದ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇಂಥ ಕಲಂ ಇರಲಿಲ್ಲ. ಕಾಕತಾಳೀಯವೆಂಬಂತೆ ತುರ್ತು ಕರೆಯ ಸಂಖ್ಯೆಯೂ ಅದೇ ಆಗಿರುವುದರಿಂದ ಮರೆಯುವುದು ಕಷ್ಟ. ಆದರೆ ನೀವು ‘ಏಳು ಸೀರೆ ಕಳುವಾಗಿವೆ’ ಎಂದು ಒಂದೇ ಸಾಲಿನ ದೂರು ಕೊಟ್ಟರೆ ಅದು ಸಾಧಾರಣ ಕಳವಾಗಿ ದಾಖಲಾಗುವ ಸಂಭವವೇ ಹೆಚ್ಚು.

ಅಂಗಡಿಯ ಒಳಗಿನ ಪದ್ಧತಿಯ ಬಗ್ಗೆಯೂ ಒಂದು ಮಾತು. ಗಿರಾಕಿ ಕೇಳಿದಷ್ಟೂ ಸೀರೆಗಳನ್ನು ಗಾದಿಯ ಮೇಲೆ ರಾಶಿ ಸುರಿದು ತೋರಿಸುವುದು ನಮ್ಮ ಕಡೆಯ ವ್ಯಾಪಾರದ ದೊಡ್ಡತನ. ಅದನ್ನು ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಕಳ್ಳರ ತಂಡಕ್ಕೆ ಬೇಕಾದದ್ದೂ ಆ ರಾಶಿಯೇ. ಹತ್ತು ಸೀರೆ ಬಿಚ್ಚಿದರೆ ಬೇಡವಾದ ಹತ್ತನ್ನು ಮಡಿಸಿ ಒಳಗಿಟ್ಟ ಮೇಲೆಯೇ ಮುಂದಿನದನ್ನು ತೆಗೆಯುವುದು, ಗುಂಪು ದೊಡ್ಡದಾಗಿದ್ದರೆ ತೋರಿಸುವವನಲ್ಲದೆ ಮಡಿಸುವವನೊಬ್ಬ ಪಕ್ಕದಲ್ಲೇ ಇರುವುದು, ಮೂರು ಸಾವಿರಕ್ಕೆ ಮೇಲ್ಪಟ್ಟ ಸರಕನ್ನು ಬಾಗಿಲಿನಿಂದ ದೂರದ ಗಾದಿಯಲ್ಲಷ್ಟೇ ತೋರಿಸುವುದು, ಇವು ಖರ್ಚಿಲ್ಲದ ಏರ್ಪಾಡುಗಳು. ನಿಮ್ಮ ಪ್ರಕರಣದಲ್ಲಿ ನಷ್ಟ ಗೊತ್ತಾದದ್ದು ರಾತ್ರಿಯ ಲೆಕ್ಕದಲ್ಲಿ ಎಂಬುದನ್ನು ಗಮನಿಸಿ. ಆ ಗುಂಪು ಎದ್ದು ಹೋದ ಕೂಡಲೇ ರಾಶಿಯನ್ನು ಎಣಿಸಿದ್ದರೆ ಅವರು ಬಸ್ ನಿಲ್ದಾಣ ತಲುಪುವ ಮೊದಲೇ ಪೊಲೀಸರಿಗೆ ಸುದ್ದಿ ಮುಟ್ಟುತ್ತಿತ್ತು.

ಪ್ರಶ್ನೆ: ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ವರು ಯುವಕರು ತುಪ್ಪ, ಬಾದಾಮಿ, ಶಾಂಪೂ ಮುಂತಾದವನ್ನು ಕದ್ದೊಯ್ದರು. ಠಾಣೆಯಲ್ಲಿ ‘ಐದು ಸಾವಿರಕ್ಕಿಂತ ಕಡಿಮೆಯಾದರೆ ಎಫ್‌ಐಆರ್ ಆಗುವುದಿಲ್ಲ’ ಎಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟು ಕಳುಹಿಸಿದರು. ಇದು ಸರಿಯೇ? (ಹಾಸನ)

ಉತ್ತರ: ಅರ್ಧ ಸರಿ. ನ್ಯಾಯ ಸಂಹಿತೆಯ 303ನೇ ಕಲಮಿನ ಸಾಧಾರಣ ಕಳವಿನಲ್ಲಿ ಮಾಲಿನ ಮೌಲ್ಯ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ, ಜಾಮೀನು ಸಿಗುವ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಮೌಲ್ಯವನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆಯಷ್ಟೇ ಆಗುತ್ತದೆ. ಹಸಿವಿಗೋ ಚಪಲಕ್ಕೋ ಕೈಹಾಕಿದ ಒಬ್ಬಂಟಿಯ ವಿಷಯದಲ್ಲಿ ಇದು ಒಳ್ಳೆಯ ಬದಲಾವಣೆಯೆಂದೇ ನನ್ನ ಅಭಿಪ್ರಾಯ.

ನಿಮ್ಮಲ್ಲಿಗೆ ಬಂದವರು ನಾಲ್ವರು. ಅವರು ತಂಡವಾಗಿ ಕೆಲಸ ಮಾಡಿದ್ದಾರೆಂದು ದೃಶ್ಯಗಳು ತೋರಿಸಿದರೆ 112ನೇ ಕಲಂ ಅನ್ವಯವಾಗಬಹುದು. ಅಲ್ಲಿ ಐದು ಸಾವಿರದ ಮಿತಿಯ ಮಾತಿಲ್ಲ. ಇನ್ನು 305ನೇ ಕಲಂ ವಾಸದ ಮನೆಯಲ್ಲಿ ಮಾತ್ರವಲ್ಲದೆ ಸ್ವತ್ತನ್ನು ಇರಿಸಲು ಬಳಸುವ ಕಟ್ಟಡದಲ್ಲಿ ನಡೆಯುವ ಕಳವಿಗೂ ಏಳು ವರ್ಷಗಳವರೆಗಿನ ಶಿಕ್ಷೆ ಹೇಳುತ್ತದೆ. ಅಂಗಡಿಯೂ ಅದರೊಳಗೆ ಬರುತ್ತದೆಂದು ವಾದಿಸಲು ಧಾರಾಳ ಅವಕಾಶವಿದೆ. ಆದ್ದರಿಂದ ಖರೀದಿ ಬಿಲ್ಲುಗಳೊಂದಿಗೆ ಹೊಸದಾಗಿ ಲಿಖಿತ ದೂರು ಬರೆದು, ನಾಲ್ವರೂ ಒಯ್ದ ಸರಕಿನ ಪಟ್ಟಿ ಮತ್ತು ಒಟ್ಟು ಮೌಲ್ಯವನ್ನು ಒಂದೇ ಕಡೆ ನಮೂದಿಸಿ, ಸ್ವೀಕೃತಿ ಪಡೆಯಿರಿ. ಆಗಲೂ ದಾಖಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಕಳುಹಿಸಬಹುದು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಎಫ್‌ಐಆರ್ ಆದಾಗ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಪ್ರಶ್ನೆ: ‘ಕದ್ದು ಸಿಕ್ಕಿಬಿದ್ದರೆ ಹತ್ತು ಪಟ್ಟು ದಂಡ’ ಎಂದು ಫಲಕ ಹಾಕಿದ್ದೇವೆ. ಇತ್ತೀಚೆಗೆ ಒಂದು ಗುಂಪು ಸಿಕ್ಕಿಬಿದ್ದಾಗ ದಂಡ ಕಟ್ಟಿಸಿಕೊಂಡು ಬಿಟ್ಟೆವು. ಮರುದಿನ ಅವರ ಕಡೆಯ ವಕೀಲರಿಂದ ನೋಟಿಸು ಬಂದಿದೆ. (ಹುಬ್ಬಳ್ಳಿ)

ಉತ್ತರ: ಆ ಫಲಕವನ್ನು ಇಂದೇ ತೆಗೆಸಿ. ದಂಡ ವಿಧಿಸುವ ಅಧಿಕಾರ ನ್ಯಾಯಾಲಯದ್ದು, ಅಂಗಡಿಯದ್ದಲ್ಲ. ಪೊಲೀಸರಿಗೆ ಕೊಡುತ್ತೇವೆ, ವಿಡಿಯೊ ಊರಿಗೆಲ್ಲ ಹಂಚುತ್ತೇವೆ ಎಂದು ಹೆದರಿಸಿ ಹಣ ಕಟ್ಟಿಸಿಕೊಂಡದ್ದು ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಯಾಗಿ ನಿಮ್ಮ ಮೇಲೆಯೇ ತಿರುಗಿ ನಿಲ್ಲಬಹುದು, ಮತ್ತು ಅದರ ಶಿಕ್ಷೆ ಸಾಧಾರಣ ಕಳವಿನದ್ದಕ್ಕಿಂತ ಹೆಚ್ಚು. ಬಾಗಿಲಲ್ಲಿ ನಿಂತ ಕಾವಲುಗಾರ ಖಾಕಿಯಂಥ ಬಟ್ಟೆ ತೊಟ್ಟಿದ್ದಾನೆಂಬ ಕಾರಣಕ್ಕೆ ಅವನಿಗೆ ಪೊಲೀಸ್ ಅಧಿಕಾರ ಬಂದುಬಿಡುವುದಿಲ್ಲ. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕೇಂದ್ರ ಕಾಯ್ದೆಯೂ ಅಂಥ ಅಧಿಕಾರವನ್ನು ಕೊಟ್ಟಿಲ್ಲ. ಸರಕಿನ ಬೆಲೆಯನ್ನು ಮಾತ್ರ ಬಿಲ್ಲು ಹಾಕಿ ಪಡೆದು ಬಿಡುವುದು ನಿಮ್ಮ ಇಚ್ಛೆ, ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳಬೇಡಿ. ಈಗ ಬಂದಿರುವ ನೋಟಿಸಿಗೆ ನೀವೇ ಉತ್ತರ ಬರೆಯಲು ಹೋಗದೆ ವಕೀಲರನ್ನು ಕಾಣಿರಿ, ಹೆಚ್ಚುವರಿ ಹಣವನ್ನು ಮರಳಿಸುವ ಬಗ್ಗೆ ಅವರೊಂದಿಗೆ ಮಾತನಾಡಿ.

ಪ್ರಶ್ನೆ: ಕ್ಯಾಮೆರಾದ ದೃಶ್ಯವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೂ ಪ್ರಕರಣ ನಿಲ್ಲಲಿಲ್ಲ. ಮೂಲ ದೃಶ್ಯ ಡಿವಿಆರ್‌ನಲ್ಲಿ ಅಳಿಸಿಹೋಗಿತ್ತು. ಮುಂದೆ ಯಾವ ಎಚ್ಚರ ವಹಿಸಬೇಕು? (ಮೊಬೈಲ್ ಅಂಗಡಿ, ಮೈಸೂರು)

ಉತ್ತರ: ವ್ಯಾಪಾರಿಗಳು ಕ್ಯಾಮೆರಾಕ್ಕೆ ಹಣ ಸುರಿಯುತ್ತಾರೆ, ಅದರ ಹಿಂದಿನ ಪೆಟ್ಟಿಗೆಯನ್ನು ಮರೆಯುತ್ತಾರೆ. ಡಿವಿಆರ್‌ನ ಡಿಸ್ಕ್ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದು ದಾಖಲಾಗುತ್ತದೆ. ಚಿಕ್ಕ ಡಿಸ್ಕ್, ಹೆಚ್ಚು ಕ್ಯಾಮೆರಾಗಳಿದ್ದರೆ ಕೆಲವೇ ದಿನಗಳಲ್ಲಿ ಹಾಗಾಗಿಬಿಡುತ್ತದೆ. ಹೆಚ್ಚು ಜನ ಸೇರುವ ವಾಣಿಜ್ಯ ಸ್ಥಳಗಳು ದೃಶ್ಯಗಳನ್ನು 30 ದಿನ ಕಾಯ್ದಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಿಮ್ಮ ಅಂಗಡಿ ಅದರ ವ್ಯಾಪ್ತಿಗೆ ಬರದಿದ್ದರೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಘಟನೆ ಗೊತ್ತಾದ ದಿನವೇ ಆ ಅವಧಿಯ ದೃಶ್ಯವನ್ನು ಬೇರೆಡೆ ನಕಲು ಮಾಡಿಸಿ, ಕಳವು ನಡೆದ ಐದು ನಿಮಿಷವನ್ನಷ್ಟೇ ಕತ್ತರಿಸದೆ ಗುಂಪು ಒಳಗೆ ಬಂದದ್ದರಿಂದ ಹೊರಗೆ ಹೋದವರೆಗಿನ ಎಲ್ಲ ಕ್ಯಾಮೆರಾಗಳ ಪೂರ್ತಿ ದೃಶ್ಯವನ್ನು ಉಳಿಸಿ. ತಂಡವಾಗಿ ಬಂದರೆಂಬುದಕ್ಕೆ ಅವರು ಒಟ್ಟಿಗೆ ಆಟೊದಿಂದ ಇಳಿದ ದೃಶ್ಯವೇ ಸೀರೆಯನ್ನೋ ಮೊಬೈಲನ್ನೋ ತೆಗೆದ ದೃಶ್ಯಕ್ಕಿಂತ ಬಲವಾದ ಸಾಕ್ಷ್ಯವಾಗಬಹುದು. ಡಿವಿಆರ್‌ನ ಗಡಿಯಾರ ಹಿಂದೆ ಮುಂದೆ ಇದ್ದರೆ ಎಷ್ಟು ನಿಮಿಷ ವ್ಯತ್ಯಾಸವಿದೆಯೆಂದು ದೂರಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಪಾಟೀಸವಾಲಿನಲ್ಲಿ ಅದೇ ದೊಡ್ಡದಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ನಕಲಿನ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಇರಲೇಬೇಕು. ಅದರ ಒಂದು ಭಾಗವನ್ನು ಉಪಕರಣದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತಿನ ಸಂಕೇತ) ನಮೂದಿಸಬೇಕು. ಹಳೆಯ ಕಾನೂನಿನಡಿಯಲ್ಲೂ ಇಂಥ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತ್ತು. ದೃಶ್ಯವನ್ನು ವಾಟ್ಸಾಪಿನಲ್ಲಿ ತನಿಖಾಧಿಕಾರಿಗೆ ಕಳುಹಿಸಿ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಅಲ್ಲಿ ಕಡತ ಕುಗ್ಗುತ್ತದೆ, ಹ್ಯಾಶ್ ಮೌಲ್ಯ ಬದಲಾಗುತ್ತದೆ. ಸಾಧ್ಯವಾದರೆ ಡಿವಿಆರ್‌ನ ಡಿಸ್ಕನ್ನೇ ಮಹಜರು ಮೂಲಕ ಒಪ್ಪಿಸಿ ಬೇರೆ ಡಿಸ್ಕ್ ಹಾಕಿಸಿಕೊಳ್ಳಿ. ಒಂದು ಡಿಸ್ಕಿನ ಖರ್ಚು ಒಂದು ಮೊಬೈಲಿನ ಬೆಲೆಗಿಂತ ಕಡಿಮೆ.

ಪ್ರಶ್ನೆ: ನಮ್ಮ ಬೀದಿಯ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಶಂಕಿತರ ಫೋಟೊಗಳನ್ನು ಹಾಕಿ ‘ಇವರು ಇಂಥ ಜಾತಿಯವರು, ಇಂಥ ಊರಿನವರು, ಒಳಗೆ ಬಿಡಬೇಡಿ’ ಎಂದು ಬರೆಯುತ್ತಾರೆ. ನಾನು ಗುಂಪಿನ ಅಡ್ಮಿನ್. (ಬೆಂಗಳೂರು)

ಉತ್ತರ: ಮೊದಲನೆಯದಾಗಿ, ಶಂಕೆಯ ಮೇಲೆ ಒಬ್ಬರನ್ನು ಕಳ್ಳರೆಂದು ಹೆಸರಿಸಿ ಹಂಚುವುದು ಮಾನಹಾನಿಯ ದಾವೆಗೆ ದಾರಿ. ಫೋಟೊದಲ್ಲಿ ಹದಿನೆಂಟು ವರ್ಷದೊಳಗಿನವರಿದ್ದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಅವರ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಫೋಟೊ ಹೋಗಬೇಕಾದದ್ದು ಠಾಣೆಗೆ. ಗುಂಪಿನಲ್ಲಿ ಹಂಚಬೇಕಾದದ್ದು ಕಳವಿನ ವಿಧಾನ: ಎಷ್ಟು ಹೊತ್ತಿಗೆ ಬಂದರು, ಏನು ಕೇಳಿದರು, ಗಮನವನ್ನು ಹೇಗೆ ಬೇರೆಡೆ ಸೆಳೆದರು, ಯಾವ ಬಗೆಯ ಚೀಲವಿತ್ತು. ಮುಂದಿನ ಅಂಗಡಿಯವನಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ, ಏಕೆಂದರೆ ತಂಡಗಳು ಬೀದಿ ಬೀದಿಗೂ ಮುಖ ಬದಲಿಸುತ್ತವೆ, ಆಟ ಬದಲಿಸುವುದು ಕಡಿಮೆ.

ಜಾತಿಯ ಮಾತನ್ನಂತೂ ನಿಲ್ಲಿಸಲೇಬೇಕು. ಬ್ರಿಟಿಷ್ ಸರ್ಕಾರ 1871ರ ಕಾಯ್ದೆಯಿಂದ ಹಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತ್ತು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದುಗೊಳಿಸಿತು, ಆದರೆ ಆ ಸಮುದಾಯಗಳ ಮಂದಿ ಇಂದಿಗೂ ಅಂಗಡಿಯ ಮೆಟ್ಟಿಲಲ್ಲಿ ಅದೇ ನೋಟವನ್ನು ಎದುರಿಸುತ್ತಾರೆ. ನ್ಯಾಯದ ಮಾತು ಒಂದು ಕಡೆಗಿರಲಿ, ವ್ಯಾಪಾರದ ದೃಷ್ಟಿಯಿಂದಲೂ ಇದು ದಡ್ಡತನ: ಕಾವಲುಗಾರನ ಕಣ್ಣೆಲ್ಲ ಹರಿದ ಚಪ್ಪಲಿಯವನ ಮೇಲಿರುವಾಗ ಕಾರಿನಲ್ಲಿ ಬಂದು, ಒಡವೆ ಹಾಕಿಕೊಂಡು, ಮದುವೆಗೆ ಸೀರೆ ನೋಡುವ ತಂಡ ಸಲೀಸಾಗಿ ಕೆಲಸ ಮುಗಿಸಿಕೊಂಡು ಹೋಗುತ್ತದೆ.

ಪ್ರಶ್ನೆ: ಗುಂಪಿನಲ್ಲಿ ಬಂದ ದೊಡ್ಡವರು ಹತ್ತು ವರ್ಷದ ಮಗುವಿನ ಕೈಯಲ್ಲಿ ಕದಿಸುತ್ತಾರೆ. ಮಗುವನ್ನು ಹಿಡಿದರೆ ‘ಅದು ನಮ್ಮ ಮಗುವೇ ಅಲ್ಲ’ ಎನ್ನುತ್ತಾರೆ. (ಫ್ಯಾನ್ಸಿ ಸ್ಟೋರ್, ತುಮಕೂರು)

ಉತ್ತರ: ಇಲ್ಲಿ ಮಗು ಕಳ್ಳನಿಗಿಂತ ಹೆಚ್ಚಾಗಿ ಬಲಿಪಶು. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕರಿಗೆ ಬಾಲ ನ್ಯಾಯ ಕಾಯ್ದೆಯ 83ನೇ ಕಲಂ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿ ದಂಡ ಹೇಳುತ್ತದೆ. ದೂರಿನಲ್ಲಿ ಆ ಕಲಮನ್ನು ಉಲ್ಲೇಖಿಸಿ, ಮಗುವೂ ದೊಡ್ಡವರೂ ಒಟ್ಟಿಗೆ ಬಂದ ದೃಶ್ಯವನ್ನು ಜೊತೆಗಿಡಿ. ಮಗುವನ್ನು ಗದರಿಸಬೇಡಿ, ಕಟ್ಟಿ ಕೂರಿಸಬೇಡಿ, ಚಿತ್ರ ತೆಗೆದು ಹಂಚಬೇಡಿ. 112ಕ್ಕೆ ಕರೆ ಮಾಡಿ ಮಗು ಜೊತೆಗಿದೆಯೆಂದು ಮೊದಲೇ ಹೇಳಿದರೆ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಗೆ ವಿಷಯ ತಲುಪುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಬಹುದು. ಇನ್ನು ಶಾಲೆ ಬಿಟ್ಟ ಮೇಲೆ ಗುಂಪಾಗಿ ಬಂದು ಪೆನ್ನು, ಚಾಕೊಲೇಟು ಎತ್ತಿಕೊಳ್ಳುವ ಹುಡುಗರ ಬಗ್ಗೆ ಬೇರೆ ಇಬ್ಬರು ಓದುಗರು ಕೇಳಿದ್ದಾರೆ. ಅದಕ್ಕೆ ಠಾಣೆಯ ಅಗತ್ಯವಿಲ್ಲ. ತಂದೆ ತಾಯಿಗೆ ಒಂದು ಮಾತು ಹೇಳಿ, ಚಾಕೊಲೇಟಿನ ಡಬ್ಬಿಯನ್ನು ಗಲ್ಲಾದ ಹಿಂದಕ್ಕೆ ಸರಿಸಿ.

ಪ್ರಶ್ನೆ: ಟ್ರಯಲ್ ರೂಮಿನಲ್ಲಿ ಒಂದರ ಮೇಲೊಂದು ಬಟ್ಟೆ ಹಾಕಿಕೊಂಡು ಹೋಗುತ್ತಾರೆ. ಅಲ್ಲಿ ಕ್ಯಾಮೆರಾ ಇಡಬಹುದೇ? (ರೆಡಿಮೇಡ್ ಅಂಗಡಿ, ಬಳ್ಳಾರಿ)

ಉತ್ತರ: ಖಂಡಿತ ಕೂಡದು, ಅದು ನ್ಯಾಯ ಸಂಹಿತೆಯ 77ನೇ ಕಲಮಿನಡಿ ಜೈಲಿಗೆ ಹೋಗುವ ಅಪರಾಧ. ಒಳಗೆ ಹೋಗುವಾಗ ಮೂರೇ ಬಟ್ಟೆ, ಕೈಗೊಂದು ಸಂಖ್ಯೆಯ ಬಿಲ್ಲೆ, ಹೊರಗೆ ಬರುವಾಗ ಎಣಿಕೆ, ಅಷ್ಟು ಸಾಕು.

ಪ್ರಶ್ನೆ: ಐದಾರು ಮಂದಿಯ ಗುಂಪು ಒಳಗೆ ನುಗ್ಗಿ, ಚಾಕು ತೋರಿಸಿ ಟ್ರೇಯಲ್ಲಿದ್ದ ಒಡವೆ ಎತ್ತಿಕೊಳ್ಳಲು ಬಂದರೆ ಪ್ರತಿರೋಧಿಸಬೇಕೇ? (ಕಲಬುರಗಿ)

ಉತ್ತರ: ಬೇಡ. ಕಾನೂನು ನಿಮಗೆ ಹಕ್ಕು ಕೊಟ್ಟಿದೆ, ಚಾಕುವಿಗೆ ಕಾನೂನು ಗೊತ್ತಿಲ್ಲ. ಭಯ ಹುಟ್ಟಿಸಿ ಅಥವಾ ಗಾಯಗೊಳಿಸಿ ಕದ್ದರೆ ಅದು ದರೋಡೆ, ಐವರೋ ಅದಕ್ಕಿಂತ ಹೆಚ್ಚು ಮಂದಿಯೋ ಸೇರಿ ಮಾಡಿದರೆ ಡಕಾಯಿತಿ, ಅದಕ್ಕೆ ನ್ಯಾಯ ಸಂಹಿತೆಯ 310ನೇ ಕಲಮಿನಲ್ಲಿ ಜೀವಾವಧಿಯವರೆಗೂ ಶಿಕ್ಷೆಯಿದೆ. ಆ ಹೊತ್ತಿನಲ್ಲಿ ನಿಮ್ಮ ಕೆಲಸ ಕೈಗಳನ್ನು ಕಾಣುವಂತೆ ಇಟ್ಟುಕೊಂಡು ಸಿಬ್ಬಂದಿಯನ್ನು ಸುಮ್ಮನಿರಿಸುವುದು, ಅವರ ಮಾತಿನ ಧಾಟಿಯನ್ನೂ ಮುಟ್ಟಿದ ಜಾಗಗಳನ್ನೂ ನೆನಪಿಟ್ಟುಕೊಳ್ಳುವುದು. ಅವರು ಹೋದ ಮೇಲೆ ಶಟರು ಇಳಿಸಿ, ಬೆರಳಚ್ಚು ತಜ್ಞರು ಬರುವವರೆಗೆ ಗಾಜು ಒರೆಸಲು ಯಾರನ್ನೂ ಬಿಡಬೇಡಿ.

ಪ್ರಶ್ನೆ: ಕಳುವಾದ ಸರಕಿನ ಬೆಲೆಯನ್ನು ಆ ವಿಭಾಗದ ಸೇಲ್ಸ್ ಹುಡುಗಿಯರ ಸಂಬಳದಲ್ಲಿ ಹಂಚಿ ಹಿಡಿಯುತ್ತೇವೆ. ಒಬ್ಬಳು ಕಾರ್ಮಿಕ ಇಲಾಖೆಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. (ಮಂಗಳೂರು)

ಉತ್ತರ: ಅವರು ಹೋದರೆ ಗೆಲ್ಲುವ ಸಾಧ್ಯತೆಯೇ ಹೆಚ್ಚು. ನೌಕರರ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಅವರದೇ ನಿರ್ಲಕ್ಷ್ಯದಿಂದ ನೇರವಾಗಿ ನಷ್ಟವಾದರೆ ಮಾತ್ರ, ಅದೂ ಅವರ ಸಮಜಾಯಿಷಿ ಕೇಳಿದ ಮೇಲೆ, ಸಂಬಳದಲ್ಲಿ ಕಡಿತಕ್ಕೆ ವೇತನ ಕಾನೂನು ಅವಕಾಶ ಕೊಡುತ್ತದೆ. ಹತ್ತು ಮಂದಿಯ ತಂಡ ಬಂದು ಯೋಜನೆ ಹಾಕಿ ಕದ್ದದ್ದನ್ನು ನಾಲ್ವರು ಹುಡುಗಿಯರ ತಲೆಗೆ ಹಂಚುವುದು ಇದರೊಳಗೆ ಬಾರದು. ಇದರ ಇನ್ನೊಂದು ಪರಿಣಾಮವನ್ನೂ ಯೋಚಿಸಿ: ಸಂಬಳ ಹೋಗುವ ಹೆದರಿಕೆಯಿರುವವರು ಸರಕು ಕಡಿಮೆಯಾದದ್ದನ್ನು ನಿಮಗೆ ಹೇಳುವುದೇ ಇಲ್ಲ. ಒಳಗಿನವರೇ ತಂಡದೊಂದಿಗೆ ಕೈಜೋಡಿಸಿದ್ದಾರೆಂಬುದಕ್ಕೆ ಆಧಾರವಿದ್ದರೆ ಅದು ನ್ಯಾಯ ಸಂಹಿತೆಯ 306ನೇ ಕಲಮಿನ ಅಪರಾಧ, ಅದನ್ನು ದೂರಿನಲ್ಲಿ ಹೇಳಿ. ಆಧಾರವಿಲ್ಲದಿದ್ದರೆ ಸುಮ್ಮನಿರಿ.

ಪ್ರಶ್ನೆ: ಅಂಗಡಿಗೆ ವಿಮೆ ಇದೆ. ಹಗಲು ಹೊತ್ತಿನಲ್ಲಿ ಗುಂಪೊಂದು ಎಗರಿಸಿದ ಸರಕಿಗೆ ಪರಿಹಾರ ನಿರಾಕರಿಸಿದ್ದಾರೆ. (ಎಲೆಕ್ಟ್ರಾನಿಕ್ಸ್ ವ್ಯಾಪಾರಿ, ಶಿವಮೊಗ್ಗ)

ಉತ್ತರ: ನಿಮ್ಮ ಪಾಲಿಸಿಯ ಷರತ್ತುಗಳನ್ನು ಓದದೆ ಖಚಿತವಾಗಿ ಹೇಳಲಾಗದು, ಆದರೆ ಅಂಗಡಿಗಳ ಸಾಮಾನ್ಯ ಕನ್ನಗಳವು ವಿಮೆಯು ಬೀಗ ಒಡೆದು, ಬಲಪ್ರಯೋಗದಿಂದ 
ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಅನ್ವಯಿಸುತ್ತದೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಸಿಗದೆಂದು ಸುಪ್ರೀಂ ಕೋರ್ಟ್ 2004ರಲ್ಲೇ ತೀರ್ಪು ನೀಡಿದೆ. ನವೀಕರಣದ ಸಮಯದಲ್ಲಿ ವ್ಯಾಪಾರದ ವೇಳೆಯ ಕಳವಿಗೆ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಕೇಳಿ.

ಬಹುತೇಕ ವ್ಯಾಪಾರಿಗಳು ಮರೆಯುವ ಇನ್ನೊಂದು ವಿಷಯ ಜಿಎಸ್‌ಟಿ. ಕಳುವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಮರಳಿಸಬೇಕು. ಒಂದು ಲಕ್ಷದ ಸರಕಿಗೆ ಹದಿನೆಂಟು ಸಾವಿರ ತೆರಿಗೆ ಕೊಟ್ಟು ಜಮೆ ಪಡೆದಿದ್ದರೆ, ಸರಕಿನ ಜೊತೆಗೆ ಆ ಹದಿನೆಂಟು ಸಾವಿರವೂ ಹೋದಂತೆಯೇ. ಕಳ್ಳ ಒಯ್ದದ್ದಕ್ಕೆ ಸರ್ಕಾರವೂ ಕೈಚಾಚುವುದು ವಿಚಿತ್ರವೆನಿಸಿದರೂ ಕಾನೂನು ಹಾಗಿದೆ. ಎಫ್‌ಐಆರ್ ಪ್ರತಿಯನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ಕೊಟ್ಟು, ಆದಾಯ ತೆರಿಗೆಯಲ್ಲಿ ಇದನ್ನು ವ್ಯಾಪಾರದ ನಷ್ಟವಾಗಿ ತೋರಿಸುವ ಬಗ್ಗೆ ಕೇಳಿರಿ.

ಪ್ರಶ್ನೆ: ಪೊಲೀಸರು ತಂಡವನ್ನು ಹಿಡಿದು ನಮ್ಮ ಇಪ್ಪತ್ತು ಇಳಕಲ್ ಸೀರೆಗಳನ್ನು ವಶಪಡಿಸಿಕೊಂಡಿದ್ದಾರೆ. ಪ್ರಕರಣ ಮುಗಿಯುವವರೆಗೆ ಅವು ಠಾಣೆಯಲ್ಲೇ ಇರಬೇಕೇ? ಹಂಗಾಮು ಮುಗಿದರೆ ಆ ಸರಕು ಕೊಳ್ಳುವವರಿಲ್ಲ. (ಬಾಗಲಕೋಟೆ)

ಉತ್ತರ: ಇರಬೇಕಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನ ಪ್ರಕಾರ ವಶಪಡಿಸಿಕೊಂಡ ಮಾಲನ್ನು ನ್ಯಾಯಾಲಯದ ಮುಂದಿಟ್ಟ 14 ದಿನಗಳೊಳಗೆ ಅದರ ವಿವರಪಟ್ಟಿ ಸಿದ್ಧವಾಗಬೇಕು, ಫೋಟೊ, ಅಗತ್ಯವಿದ್ದರೆ ವಿಡಿಯೊ ತೆಗೆಸಬೇಕು, ಪಟ್ಟಿಯಾದ 30 ದಿನಗಳೊಳಗೆ ಅದನ್ನು ಯಾರಿಗೆ ಒಪ್ಪಿಸಬೇಕೆಂಬ ಆದೇಶವಾಗಬೇಕು. ಆ ಫೋಟೊಗಳನ್ನೇ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಬಹುದಾದ್ದರಿಂದ ಸೀರೆಗಳನ್ನು ಠಾಣೆಯ ಕೋಣೆಯಲ್ಲಿ ಮುಗ್ಗಲು ಹಿಡಿಸುವ ಅಗತ್ಯ ಯಾರಿಗೂ ಇಲ್ಲ. ವಶಪಡಿಸಿಕೊಂಡ ವಸ್ತುಗಳು ಠಾಣೆಯಲ್ಲಿ ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಆದರೆ ನ್ಯಾಯಾಲಯ ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಎಫ್‌ಐಆರ್ ಪ್ರತಿ, ಮಹಜರಿನ ಪ್ರತಿ, ನೇಕಾರರಿಂದಲೋ ಸಗಟು ವ್ಯಾಪಾರಿಯಿಂದಲೋ ಕೊಂಡ ಬಿಲ್ಲು, ಸೀರೆಯ ಮೇಲಿನ ನಿಮ್ಮ ಅಂಗಡಿಯ ಚೀಟಿಯ ಸಂಖ್ಯೆ ಇವುಗಳನ್ನು ಲಗತ್ತಿಸಿ. ಇದೇ ತಂಡ ಬೇರೆ ಊರುಗಳಲ್ಲೂ ಸೀರೆ ಕದ್ದಿದ್ದರೆ ಠಾಣೆಯಲ್ಲಿ ಹಲವು ಅಂಗಡಿಗಳ ಸರಕು ಬೆರೆತಿರುತ್ತದೆ, ಆಗ ‘ಕೆಂಪು ಟೋಪ್ ತೆನಿ ಸೆರಗು’ ಎಂಬ ವರ್ಣನೆಯಿಂದ ನಿಮ್ಮದನ್ನು ಬೇರ್ಪಡಿಸಲಾಗದು, ಚೀಟಿಯ ಸಂಖ್ಯೆಯೇ ಆಧಾರ. ಮಾರಾಟಕ್ಕೆ ಅನುಮತಿಯನ್ನೂ ಅರ್ಜಿಯಲ್ಲೇ ಕೇಳಿಕೊಳ್ಳಿ. ಕೇಳದಿದ್ದರೆ, ಕರೆದಾಗ ಹಾಜರುಪಡಿಸಬೇಕೆಂಬ ಮುಚ್ಚಳಿಕೆಯ ಮೇಲೆ ಸೀರೆಗಳು ಅಂಗಡಿಗೆ ಬಂದರೂ ಕಪಾಟಿನಲ್ಲೇ ಉಳಿಯುತ್ತವೆ.